ಎಲ್ಲರ ವಿಳಾಸ ಬಲ್ಲ ಡಬ್ಬಿ

ಮಂದಾಕಿನಿಯವರ ಮನೆಯ ಯಂತ್ರಗಳಿಗೆಲ್ಲ ದಾರಿ ಹೇಳುವ ಕೆಲಸ ಒಂದು ಪುಟ್ಟ ಡಿಎನ್‌ಎಸ್ ಡಬ್ಬಿಯದು. ಯಾರಾದರೂ ಒಂದು ಹೆಸರು ಹೇಳಿದರೆ ಸಾಕು, ಆ ಹೆಸರಿನವರು ಯಾವ ನಂಬರಿನಲ್ಲಿ ಸಿಗುತ್ತಾರೆಂದು ಥಟ್ಟನೆ ಹೇಳುತ್ತಿತ್ತು. ಹಾಗಾಗಿ ಅದರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಮನೆಯಲ್ಲಿ ನಂಬರು ಹಂಚುವ ರೂಟರ್ ಎಲ್ಲರಿಗೂ ಹೊಸ ನಂಬರು ಹಂಚಿತು. ಡಬ್ಬಿಯ ಹಳೆಯ ನಂಬರು ವಾಷಿಂಗ್ ಮಷೀನಿನ ಪಾಲಾಯಿತು.

"ತಮ್ಮಾ, ನಿನ್ನ ನಂಬರು ಬದಲಾಗಿದೆ. ಹೂಂ ಅನ್ನು, ಎಲ್ಲರಿಗೂ ತಿಳಿಸುತ್ತೇನೆ. ಇಲ್ಲದಿದ್ದರೆ ನಿನ್ನ ಕೆಲಸ ಹೋದೀತು," ಎಂದಿತು ರೂಟರ್.

"ನನ್ನ ಹೆಸರಲ್ಲಿ ಡಂಗುರ ಬೇರೆ ಹೊಡೆಸಬೇಕೆ? ಬೇಕಾದವರು ನಾನೆಲ್ಲಿದ್ದೇನೆಂದು ಕೇಳಲಿ, ಹೇಳೋಣ."

"ಯಾರನ್ನು ಕೇಳಬೇಕು?"

"ಇನ್ಯಾರನ್ನು? ನನ್ನನ್ನೇ!"

ರೂಟರ್ ಯಾರಿಗೂ ತಿಳಿಸದೆ ತನ್ನ ಕೆಲಸಕ್ಕೆ ಮರಳಿತು.

ಅತ್ತ ಲ್ಯಾಪ್‌ಟಾಪ್ ಡಬ್ಬಿಯ ಹಳೆಯ ನಂಬರಿಗೇ ಹೋಗಿ, "ಸ್ವಾಮೀ, ಪ್ರಿಂಟರ್ ಎಲ್ಲಿದ್ದಾರೆ? ಅಮ್ಮಾವ್ರ ವೀಸಾ ಅರ್ಜಿ ಹತ್ತು ಗಂಟೆಯೊಳಗೆ ಅಚ್ಚಾಗಬೇಕು," ಎಂದು ಗೋಗರೆಯಿತು.

"ನನಗೆ ಗೊತ್ತಿರುವುದು ಸೀರೆ, ಲಂಗ, ದುಪ್ಪಟಿ. ಒಗೆಯುವುದಿದ್ದರೆ ಹಾಕು, ಇಲ್ಲದಿದ್ದರೆ ನಡಿ," ಎಂದಿತು ವಾಷಿಂಗ್ ಮಷೀನು.

ಒಂಬತ್ತೂಮುಕ್ಕಾಲಿಗೆ ಮಂದಾಕಿನಿಯವರ ತಾಳ್ಮೆ ಕೆಟ್ಟಿತು. ಇನ್ನು ಮುಂದೆ ಏನಿದ್ದರೂ ರೂಟರನ್ನೇ ಕೇಳಬೇಕೆಂದು ಎಲ್ಲರಿಗೂ ಅಪ್ಪಣೆಯಾಯಿತು. ಅರ್ಜಿಯೂ ಅಚ್ಚಾಯಿತು.

ಡಬ್ಬಿ ಮಾತ್ರ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ, ಬಾರದವರ ದಾರಿ ಕಾಯುತ್ತ ಕೂತಿತ್ತು. ಸಂಜೆ ಎದೆಯುಬ್ಬಿಸಿ ರೂಟರಿಗೆ ಹೇಳಿತು: "ನೋಡಿದೆಯಾ ಅಣ್ಣಾ? ಇವತ್ತು ಇಡೀ ದಿನ ನಾನು ಒಂದೇ ಒಂದು ತಪ್ಪು ಉತ್ತರ ಕೊಟ್ಟಿಲ್ಲ."