ಹುಂಜ ಕಾಲು ತೊಳೆದದ್ದು

ಕೋಳಿಗಳ ಪ್ರತಿನಿಧಿಯಾಗಿ ಕಾಡಿನ ಸಭೆಗೆ ಹೋಗಿಬರುತ್ತಿದ್ದ ಹುಂಜವೊಂದು ದಿನಾ ಬೆಳಿಗ್ಗೆ ತಿಪ್ಪೆ ಏರಿ, "ಪ್ರಾಣ ಹೋದರೂ ನಿಮ್ಮ ಕಾಳಿನ ಮೇಲೆ ತೆರಿಗೆ ಹಾಕಲು ಬಿಡುವುದಿಲ್ಲ!" ಎಂದು ಕೂಗುತ್ತಿತ್ತು. ಕೋಳಿಗಳೆಲ್ಲ ಕೇಳಿ ಹಿಗ್ಗುತ್ತಿದ್ದವು. ಮರಿಗಳ ತಾಯಿ ಚುಕ್ಕಿ ಎಂಬ ಹೇಂಟೆಗೆ ಮಾತ್ರ ಅನುಮಾನ. ಇಷ್ಟೆಲ್ಲ ಕೂಗಿದರೂ ತೆರಿಗೆ ಏರುತ್ತಲೇ ಇತ್ತಲ್ಲ, ಮರಿಗಳು ಅರೆಹೊಟ್ಟೆಯಲ್ಲೇ ಮಲಗುತ್ತಿದ್ದವಲ್ಲ!

ಆ ಸಭೆಯಲ್ಲಿ ತೆರಿಗೆ ಬೇಕೆನ್ನುವವರು ಕೆಮ್ಮಣ್ಣಿನ ಕೆಸರಿನಲ್ಲಿ ನಿಲ್ಲಬೇಕು, ಬೇಡವೆನ್ನುವವರು ಕರಿಮಣ್ಣಿನ ಕೆಸರಿನಲ್ಲಿ. ಅದೇ ಅಲ್ಲಿನ ಮತ. ಒಂದು ದಿನ ಮತ ಹಾಕಿ ಬಂದ ಹುಂಜ, "ಕೊನೆಯವರೆಗೂ ಬೇಡವೆಂದೆ. ನನ್ನೊಬ್ಬನಿಂದ ಏನಾದೀತು?" ಎಂದು ಸುತ್ತ ಸೇರಿದ್ದ ಕೋಳಿಗಳ ಮುಂದೆ ನಿಟ್ಟುಸಿರು ಬಿಟ್ಟಿತು.

ಚುಕ್ಕಿ ಅದರ ಕಾಲು ನೋಡಿತು. ಎರಡೂ ಒದ್ದೆಯಾಗಿ ಫಳಫಳ ಹೊಳೆಯುತ್ತಿದ್ದವು.

"ಧೂಳಿನಲ್ಲಿ ಹೊರಳಿ ಸ್ನಾನ ಮಾಡುವ ಜಾತಿ ನಮ್ಮದು. ತಾವು ನೀರಿಗೆ ಇಳಿದದ್ದೇಕೆ, ಸ್ವಾಮಿ?"

"ಕೆಸರಾಗಿತ್ತು, ತೊಳೆದೆ."

"ಕರಿ ಕೆಸರಾಗಿದ್ದರೆ ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಿರಿ."

ಹುಂಜ ಒಂದು ಕಾಲನ್ನು ಗರಿಯೊಳಗೆ ಎಳೆದುಕೊಂಡಿತು.

ಮಾರನೆಯ ಬೆಳಿಗ್ಗೆ ಅದು ಮತ್ತೆ ತಿಪ್ಪೆ ಏರಿ ಎಂದಿಗಿಂತ ಜೋರಾಗಿ ಕೂಗಿತು. ಕೋಳಿಗಳೆಲ್ಲ ಬಂದು ಸೇರಿದವು. ಆದರೆ ಒಂದರ ಕಣ್ಣೂ ಅದರ ಕೊಕ್ಕಿನ ಮೇಲಿರಲಿಲ್ಲ; ಎಲ್ಲವೂ ಕಾಲನ್ನೇ ನೋಡುತ್ತಿದ್ದವು.