ಎರಡು ಗೋಡೆ, ಒಂದು ಸಂದಿ

"ಇಲ್ಲ ತಾಯಿ, ಎರಡೆರಡು ಗೋಡೆ ಕಟ್ಟಿದ ಮಾತ್ರಕ್ಕೆ ಜನ ನೆಮ್ಮದಿಯಾಗಿ ಇರಲ್ಲ," ಅಂದ್ರು ತಿಪ್ಪೇಸ್ವಾಮಿ ಮೇಷ್ಟ್ರು.

ನಾಗವೇಣಿ ಇನ್ನೂ ಬಾಯೇ ಬಿಟ್ಟಿರಲಿಲ್ಲ. ಸಾಲುಮನೆಗಳ ನಕ್ಷೆಯಲ್ಲಿ ಮನೆಮನೆ ನಡುವಿನ ಒಂದು ಗೀಟು ಅಳಿಸಿ ಎರಡು ಗೀಟು ಎಳೀತಿದ್ಲು, ಅಷ್ಟೇ. ನಕ್ಷೆ ಹಾಕೋದು ಕಲಿಸಿದ ಮೇಷ್ಟ್ರಿಗೆ ಅಷ್ಟು ಸಾಕು, ಹೊಟ್ಟೆಯಲ್ಲಿರೋದನ್ನೆಲ್ಲ ಓದ್ಬಿಡ್ತಾರೆ.

"ಮನೆ ಬುಕ್ ಮಾಡಿರೋರು ಪಕ್ಕದ ರೂಮಲ್ಲಿ ಕೂತಿದ್ದಾರೆ ಸಾರ್. ಪಕ್ಕದ ಮನೆಯವರ ಜೊತೆ ಗೋಡೆ ಹಂಚ್ಕೊಳ್ಳಲ್ವಂತೆ. ಹಂಚ್ಕೊಂಡ್ರೆ ಬಿಸಿಲು ಬಡಿಯೋ ಗೋಡೆ ಕಮ್ಮಿ, ಇಟ್ಟಿಗೆ ಕಮ್ಮಿ. ಹಸಿರು ಕಟ್ಟಡ ಅಂತ ಸರ್ಟಿಫಿಕೇಟ್ ಸಿಗೋದೇ ಅದರಿಂದ. ಆದ್ರೆ ಇವರು ಎದ್ದು ಹೋದ್ರೆ ಬಿಲ್ಡರ್ ಈ ಕೆಲಸ ಬೇರೆಯವರಿಗೆ ಕೊಡ್ತಾನೆ. ನನ್ನ ಮೊದಲನೇ ಕೆಲಸ ಇದು. ಕೇಳಿದ್ದು ಕೊಟ್ಟು ಕೈ ತೊಳ್ಕೊಂಡ್ರೆ ತಪ್ಪಾ?"

"ತಪ್ಪು ಅಂತ ಯಾರಂದ್ರು? ಟೀ ಕುಡಿ, ಒಂದು ಕತೆ ಹೇಳ್ತೀನಿ ಕೇಳು."

ಒಬ್ಬ ಎಣ್ಣೆ ವ್ಯಾಪಾರಿ. ಇಬ್ಬರು ಹೆಣ್ಮಕ್ಳು. ಇಬ್ಬರಿಗೂ ಅಕ್ಕಪಕ್ಕ ಮನೆ ಕಟ್ಟಿಸೋಕೆ ಹೊರಟ. ನಡುವೆ ಒಂದೇ ಗೋಡೆ ಇರಲಿ, ಎರಡು ಮನೆನೂ ತಂಪಾಗಿರುತ್ತೆ ಅಂದ.

"ಅಯ್ಯೋ, ಅವಳ ಗಂಡನ ಗೊರಕೆ ನಾನ್ಯಾಕೆ ಕೇಳ್ಲಿ?" ಅಂದ್ಲು ಅಕ್ಕ.

"ಇವಳು ಆ ಕಡೆ ಮೊಳೆ ಹೊಡೆದ್ರೆ ಈ ಕಡೆ ನನ್ನ ದೇವರ ಫೋಟೋ ಬೀಳುತ್ತೆ," ಅಂದ್ಲು ತಂಗಿ.

ಅಪ್ಪನಿಗೆ ಇಬ್ಬರ ಮೇಲೂ ಪ್ರಾಣ. ಎರಡು ಗೋಡೆ ಎಬ್ಬಿಸ್ದ. ನಡುವೆ ಒಂದು ಗೇಣು ಸಂದಿ. ಬೆಕ್ಕು ತೂರುತ್ತೆ, ಗಾರೆಯವನು ತೂರಲ್ಲ. ಸಂದಿ ಕಡೆ ಎರಡು ಗೋಡೆನೂ ಪ್ಲಾಸ್ಟರ್ ಇಲ್ಲದೆ ಬರೀ ಇಟ್ಟಿಗೆಯಲ್ಲೇ ಉಳೀತು.

ಮಳೆ ಬಂತು. ನೀರು ಸಂದಿಗೆ ಇಳೀತು. ಅಕ್ಕನ ಮನೆ ಒಳಗೋಡೆ ಒದ್ದೆ, ತಂಗಿ ಮನೇದೂ ಒದ್ದೆ. ನಿನ್ನ ಕಡೆಯಿಂದ್ಲೇ ನೀರು ಬರೋದು ಅಂತ ಇವಳು, ನಿನ್ನ ಕಡೆಯಿಂದ್ಲೇ ಅಂತ ಅವಳು. ಮೇಲೊಂದು ತಗಡು ಹೊದಿಸೋಣ ಅಂದ ಅಪ್ಪ. "ಅವಳ ಗೋಡೆಗೆ ನಾನ್ಯಾಕೆ ತಗಡು ಹಾಕಿಸ್ಲಿ?" ಇಬ್ಬರೂ ಅಂದಿದ್ದು ಅದನ್ನೇ. ಮಾತು ನಿಂತೋಯ್ತು. ಹಬ್ಬದ ಹೋಳಿಗೆ ಅತ್ತಿತ್ತ ಹೋಗೋದೂ ನಿಂತೋಯ್ತು. ಮುದುಕ ಒಂದು ಮನೇಲಿ ಉಂಡ್ರೆ ಇನ್ನೊಬ್ಬಳಿಗೆ ಕೋಪ ಅಂತ ಹೋಟೆಲಲ್ಲಿ ಊಟ ಮಾಡೋಕೆ ಶುರು ಮಾಡ್ದ.

"ಆಮೇಲೆ?"

"ಆಮೇಲೇನು, ಪಾಚಿ ಕಟ್ತು. ಸರ್ಟಿಫಿಕೇಟ್ ಇಲ್ದೇನೇ ಹಸಿರು!"

ನಾಗವೇಣಿಗೆ ನಗು ಬಂತು, ಆದ್ರೂ ಸೋಲೋಕೆ ಮನಸ್ಸಿಲ್ಲ. "ಒಂದೇ ಗೋಡೆ ಇದ್ದಿದ್ರೂ ಅವರು ಕಿತ್ತಾಡ್ತಿದ್ರು ಬಿಡಿ ಸಾರ್."

"ಕಿತ್ತಾಡ್ತಿದ್ರು. ಕಿತ್ತಾಡ್ಕೊಂಡೇ ಇಬ್ಬರೂ ಸೇರಿ ರಿಪೇರಿ ಮಾಡಿಸ್ತಿದ್ರು. ಸಂದಿ ಯಾರದು ಹೇಳು?"

ನಾಗವೇಣಿ ರಬ್ಬರ್ ತಗೊಂಡು ಹೊಸ ಗೀಟುಗಳನ್ನ ಅಳಿಸಿದ್ಲು. ಆ ಜಾಗದಲ್ಲಿ ಒಂದೇ ಒಂದು ಗೀಟು, ದಪ್ಪಗೆ ಎಳೆದ್ಲು.

ಪಕ್ಕದ ರೂಮಿಗೆ ತಾವೂ ಬರೋಕೆ ಅಂತ ಮೇಷ್ಟ್ರು ಎದ್ದು ಮೇಜಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿದ್ರು. ಅವಳು ಅವರ ಭುಜ ಹಿಡಿದು ವಾಪಸ್ ಕುರ್ಚಿಗೆ ಕೂರಿಸಿ, ಬಿಸ್ಕತ್ ಪ್ಯಾಕೆಟ್ಟನ್ನ ಮುಂದಕ್ಕೆ ತಳ್ಳಿದ್ಲು. ನಕ್ಷೆ ಕಂಕುಳಲ್ಲಿ ಇಟ್ಕೊಂಡು ಒಬ್ಬಳೇ ಮನೆ ಬುಕ್ ಮಾಡಿರೋರು ಕೂತಿದ್ದ ರೂಮಿಗೆ ಹೋಗಿ, ಬಾಗಿಲು ಎಳ್ಕೊಂಡ್ಲು.