ಧಾರೆ ನಿಂತ ಮದುವೆ

“ಗುರುಗಳೇ, ಅವಸರ ಅವಿವೇಕದ ಗುರುತು ಎನ್ನುತ್ತಾರೆ. ಅವಸರವೇ ವಿವೇಕವಾಗುವ ಹೊತ್ತೂ ಇದೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಂಚುಗಾರನಿದ್ದ. ಅವನಿಗೆ ಕಮಲಾಕ್ಷಿ ಎಂಬ ಒಬ್ಬಳೇ ಮಗಳು. ಅವಳ ಮದುವೆಯ ದಿನ ಧಾರೆ ಎರೆಯಲು ನಿಂತವನ ಕೈಯಿಂದ ತಂಬಿಗೆ ಜಾರಿತು. ಬಲಗೈ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನೋವೇನೂ ಇಲ್ಲ, ಮುಂದುವರಿಸಿ ಎನ್ನಲು ಹೋದ. ಮಾತು ತೊದಲಿತು.

ವರನ ತಂದೆ ಹೇಳಿದರು: “ಉಪವಾಸದ ನಿತ್ರಾಣ. ಒಳಗೆ ಮಲಗಿಸಿ, ಸರಿಹೋಗುತ್ತದೆ. ಬೇಕಾದರೆ ನಾಳೆ ಯಾರಿಂದಾದರೂ ಎಣ್ಣೆ ತಿಕ್ಕಿಸೋಣ. ಈಗ ಮುಹೂರ್ತ ಮೀರುತ್ತಿದೆ.”

ಕಮಲಾಕ್ಷಿ ಹಸೆಮಣೆಯಿಂದ ಎದ್ದಳು. “ನಮ್ಮ ದೊಡ್ಡಪ್ಪನನ್ನೂ ಹೀಗೆಯೇ ಮಲಗಿಸಿದೆವು. ನೋವಿಲ್ಲವಲ್ಲ ಎಂದು ಸುಮ್ಮನಿದ್ದೆವು. ಎದ್ದ ಮೇಲೆ ಅವರಿಗೆ ನನ್ನ ಹೆಸರು ಹಿಡಿದು ಕರೆಯಲು ಬರಲಿಲ್ಲ. ಸಾಯುವವರೆಗೂ ಬರಲಿಲ್ಲ. ಇದು ಪಾರ್ಶ್ವವಾಯು. ಅಪ್ಪನನ್ನು ನಾನು ಮಲಗಿಸುವುದಿಲ್ಲ.”

“ಧಾರೆಗೆ ಮುಂಚೆ ಎದ್ದು ಹೋಗುವ ಹೆಣ್ಣು ನಮ್ಮ ಮನೆಗೆ ಬೇಡ,” ಎಂದರು ವರನ ತಂದೆ.

ವರ ಬಾಸಿಂಗ ಕಳಚಿಟ್ಟು ಕಾರು ತಂದ.

ದಾರಿಯಲ್ಲಿ ಒಂದು ಚಿಕ್ಕ ದವಾಖಾನೆ ಸಿಕ್ಕಿತು. ವರ ಕಾರು ನಿಧಾನಿಸಿದ. “ಇಲ್ಲಿ ತಲೆಯ ಸ್ಕ್ಯಾನ್ ಇಲ್ಲ. ನಿಲ್ಲಿಸಬೇಡಿ,” ಎಂದಳು ಕಮಲಾಕ್ಷಿ. ದೊಡ್ಡ ಆಸ್ಪತ್ರೆಗೆ ದಾರಿಯಿಂದಲೇ ಫೋನ್ ಮಾಡಿದಳು. ಅವರು ಹೋಗುವ ಹೊತ್ತಿಗೆ ವೈದ್ಯರು ಸಿದ್ಧರಾಗಿದ್ದರು. ಯಾವಾಗ ಶುರುವಾಯಿತು ಎಂಬುದೇ ಅವರ ಮೊದಲ ಪ್ರಶ್ನೆ. ಧಾರೆಯ ಗಳಿಗೆಯನ್ನು ಅವಳು ಸರಿಯಾಗಿ ಹೇಳಿದಳು. ಮಿದುಳಿನಲ್ಲಿ ರಕ್ತ ಸುರಿದಿಲ್ಲ, ನಾಳದಲ್ಲಿ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡಿತು. ಕಾಲ ಮೀರಿರಲಿಲ್ಲವಾದ್ದರಿಂದ ಹೆಪ್ಪು ಕರಗಿಸುವ ಮದ್ದು ಕೊಟ್ಟರು.

ಸಂಜೆಗೆ ಕಂಚುಗಾರನ ಬೆರಳು ಆಡಿತು. ಮಾತು ತಿಳಿಯಾಗಲು ತಿಂಗಳುಗಟ್ಟಲೆ ಅಭ್ಯಾಸ ಬೇಕಾಯಿತು. ಒಂದೊಂದು ದಿನ ಅವನು ಸಿಟ್ಟಿಗೆದ್ದು ಅತ್ತದ್ದೂ ಉಂಟು. ಮಗಳು ಬಿಡಲಿಲ್ಲ. ಕಡೆಗೆ ಕುಲುಮೆಯ ಮುಂದೆ ಮತ್ತೆ ಕುಳಿತ. ಸುತ್ತಿಗೆ ಮಾತ್ರ ಹಗುರವಾದದ್ದನ್ನು ಆರಿಸಿಕೊಂಡ. ಆಮೇಲೆ ಮದುವೆಯೂ ಆಯಿತು, ವರನ ತಂದೆ ಬಾರದೆ.

ಶಿಷ್ಯನ ಮನಸ್ಸು ಒಪ್ಪಲಿಲ್ಲ. “ಹಿರಿಯರನ್ನು ಹಾಗೆ ನೋಯಿಸಬಹುದಿತ್ತೇ, ಗುರುಗಳೇ?”

“ಮುನಿದವರನ್ನು ನಾಳೆ ಒಲಿಸಬಹುದು ಮಗು, ಮಿದುಳು ನಾಳೆಗೆ ಕಾಯುವುದಿಲ್ಲ.”